ವೇದನೆಯೂ ವೇದನೆಯ ಚಿಂತೆಯೂ

ನಾಲ್ಕು ವರ್ಷಗಳ ಹಿಂದೆ ನಮ್ಮ ಅತ್ತೆಯವರಿಗೆ ಪಾರ್ಶ್ವವಾಯು ತಗುಲಿತು. ಎಡಗೈ ಮತ್ತು ಎಡಗಾಲು ಸ್ವಾಧೀನ ತಪ್ಪಿದವು. ಮಾತು ಮಾತ್ರ ಉಳಿಯಿತು. ನಾನು ಶಾಲೆಯಿಂದ ನಿವೃತ್ತಳಾಗಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಬೆಳಗ್ಗೆ ಲಿಂಗಾಂಬುಧಿ ಕೆರೆಯ ದಂಡೆಯಲ್ಲಿ ನಡೆಯಬೇಕು, ಬಸದಿಯ ಸ್ವಾಧ್ಯಾಯಕ್ಕೆ ತಪ್ಪದೆ ಹೋಗಬೇಕು, ಕೆಲಸದ ಗಡಿಬಿಡಿಯಲ್ಲಿ ಓದದೆ ಬಿಟ್ಟ ಗ್ರಂಥಗಳನ್ನು ಓದಬೇಕು ಎಂದು ಹಾಕಿಕೊಂಡಿದ್ದ ಯೋಜನೆಗಳೆಲ್ಲ ಅವರ ಮಂಚದ ಬಳಿ ಬಂದು ನಿಂತವು. ಹೊತ್ತು ಹೊತ್ತಿಗೆ ಮಾತ್ರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು, ಸೂರ್ಯಾಸ್ತದೊಳಗೆ ಊಟ ಮಾಡಿಸುವುದು, ರಾತ್ರಿ ಮೂರು ನಾಲ್ಕು ಬಾರಿ ಏಳುವುದು, ಇದೇ ದಿನಚರಿಯಾಯಿತು.

ರಾಮಕೃಷ್ಣನಗರದ ನಮ್ಮ ಮನೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ವೈದ್ಯರು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯಾಗಿದ್ದವರು. ಒಂದು ದಿನ ಅತ್ತೆಯವರನ್ನು ಪರೀಕ್ಷಿಸಿ, ‘ಅಜ್ಜಿಯವರ ಬಿಪಿ ಹತೋಟಿಯಲ್ಲಿದೆ ಮೇಡಂ. ಈಗ ನಿಮ್ಮ ಕೈ ಕೊಡಿ’ ಎಂದರು. ನನಗೇನಾಗಿದೆ ಎಂದು ನಾನು ನಕ್ಕೆ. ಪಟ್ಟಿ ಕಟ್ಟಿ ನೋಡಿದರೆ 170ರ ಮೇಲೆ 100. ‘ಈ ಮನೆಯಲ್ಲಿ ರೋಗಿ ಒಬ್ಬರೇ ಎಂದುಕೊಂಡಿದ್ದೀರಾ ಮೇಡಂ?’ ಎಂದು ಅವರು ಮೆಲ್ಲಗೆ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಅದೇ ದಿನಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಅತ್ತೆಯವರನ್ನು ನೋಡಲು ಬಂದ ಬಂಧುಗಳೊಬ್ಬರು ಮಂಚದ ಪಕ್ಕದಲ್ಲಿ ಕುಳಿತು, ‘ಇದೆಲ್ಲ ಅಸಾತಾ ವೇದನೀಯ ಕರ್ಮದ ಉದಯ. ಹಿಂದೆ ಮಾಡಿದ್ದನ್ನು ಈಗ ಅನುಭವಿಸಲೇಬೇಕು’ ಎಂದು ಹೇಳಿ, ಕಾಫಿ ಕುಡಿದು ಹೊರಟರು. ಸಿದ್ಧಾಂತದ ದೃಷ್ಟಿಯಿಂದ ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ರಾತ್ರಿ ಅತ್ತೆಯವರು ನಿದ್ರಿಸಲಿಲ್ಲ. ಎರಡು ಗಂಟೆಯ ಹೊತ್ತಿಗೆ ನನ್ನನ್ನು ಕರೆದು, ‘ನಾನು ಯಾರಿಗೆ ಏನು ಮಾಡಿದ್ದೆನಮ್ಮಾ?’ ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನಗೆ ಅಂದು ಉತ್ತರ ತೋಚಲಿಲ್ಲ.

ವೈದ್ಯರ ಪ್ರಶ್ನೆ, ಅತ್ತೆಯವರ ಪ್ರಶ್ನೆ, ಇವೆರಡೂ ನನ್ನನ್ನು ಎರಡು ಬಗೆಯ ಓದಿಗೆ ಹಚ್ಚಿದವು. ಮನಸ್ಸಿಗೂ ದೇಹದ ರೋಗಕ್ಕೂ ಇರುವ ನಂಟಿನ ಬಗ್ಗೆ ಇಂದಿನ ವೈದ್ಯವಿಜ್ಞಾನ ಕಂಡುಕೊಂಡಿರುವುದೇನು ಎಂಬುದು ಒಂದು. ನಮ್ಮ ಆಚಾರ್ಯರು ಅದನ್ನು ಹೇಗೆ ನೋಡಿದರು ಎಂಬುದು ಇನ್ನೊಂದು.

ಆರ್ತಧ್ಯಾನವೆಂಬ ಎರಡನೆಯ ರೋಗ

ಧ್ಯಾನವೆಂದರೆ ಒಳ್ಳೆಯದೇ ಎಂಬುದು ಲೋಕರೂಢಿ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹಾಗೆ ಹೇಳುವುದಿಲ್ಲ. ಮನಸ್ಸು ಒಂದೇ ವಿಷಯದಲ್ಲಿ ನೆಲೆನಿಲ್ಲುವುದೆಲ್ಲವೂ ಧ್ಯಾನವೇ. ಅದು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆ. ಮೊದಲಿನ ಎರಡು ಸಂಸಾರಕ್ಕೆ ಕಾರಣ, ಕೊನೆಯ ಎರಡು ಮೋಕ್ಷಕ್ಕೆ ಕಾರಣ. ಚಿಂತೆಯಲ್ಲಿ ಮುಳುಗಿದವನೂ ಏಕಾಗ್ರಚಿತ್ತನೇ. ಆದರೆ ಅವನ ಏಕಾಗ್ರತೆ ಅವನನ್ನೇ ತಿನ್ನುತ್ತಿರುತ್ತದೆ.

ಈ ಆರ್ತಧ್ಯಾನವನ್ನು ಆಚಾರ್ಯರು ಮತ್ತೆ ನಾಲ್ಕಾಗಿ ವಿಂಗಡಿಸುತ್ತಾರೆ. ಬೇಡವಾದದ್ದು ಬಂದು ಸೇರಿದಾಗ ಅದು ಎಂದು ತೊಲಗೀತೆಂಬ ಚಿಂತೆ ಒಂದು. ಬೇಕಾದದ್ದು ಅಗಲಿದಾಗ ಅದು ಎಂದು ಮರಳೀತೆಂಬ ಚಿಂತೆ ಮತ್ತೊಂದು. ಮುಂದಿನ ಭೋಗಕ್ಕಾಗಿ ಹಂಬಲಿಸುವ ನಿದಾನ ಇನ್ನೊಂದು. ಇವುಗಳ ನಡುವೆ ವೇದನೆಗೆ ಪ್ರತ್ಯೇಕ ಸ್ಥಾನವಿದೆ. ನೋವಿನ ಕುರಿತಾದ ನಿರಂತರ ಚಿಂತನೆಯೇ ಒಂದು ಆರ್ತಧ್ಯಾನ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನೋವು ಬೇರೆ, ನೋವನ್ನು ಕುರಿತ ಚಿಂತೆ ಬೇರೆ. ಮೊಣಕಾಲಿನ ನೋವು ಮೊಣಕಾಲಿನಲ್ಲಿರುತ್ತದೆ. ‘ಇದು ಇನ್ನೆಷ್ಟು ದಿನ, ನನಗೇ ಏಕೆ, ನಾಳೆ ನನ್ನ ಗತಿಯೇನು’ ಎಂಬುದು ಮೊಣಕಾಲಿನಲ್ಲಿ ಇರುವುದಿಲ್ಲ. ಮೊದಲನೆಯದರ ಮೇಲೆ ಎರಡನೆಯದು ಕೂಡಿಕೊಂಡಾಗ ರೋಗಿಯ ಹೊರೆ ಇಮ್ಮಡಿಯಾಗುತ್ತದೆ.

ಹಾಗೆಂದು ಚಿಂತಿಸುವ ರೋಗಿಯನ್ನು ಗದರುವ ಅಧಿಕಾರ ನಮಗಿಲ್ಲ. ವ್ರತವಿಲ್ಲದವರಿಗೆ, ಅಣುವ್ರತಿಗಳಾದ ಶ್ರಾವಕರಿಗೆ, ಪ್ರಮತ್ತಸಂಯತರಾದ ಮುನಿಗಳಿಗೂ ಆರ್ತಧ್ಯಾನ ಸಂಭವಿಸುತ್ತದೆ ಎಂದು ಅದೇ ಅಧ್ಯಾಯ ಹೇಳುತ್ತದೆ. ಮಹಾವ್ರತಿಗಳಿಗೇ ತಪ್ಪದ್ದು ಎಂಬತ್ತು ದಾಟಿದ ಅಜ್ಜಿಗೆ ತಪ್ಪೀತೇ?

ಪ್ರಯೋಗಶಾಲೆ ಕಂಡದ್ದು

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯವೇ ನೋವು, ಹಸಿವು, ಭಯ, ಕ್ರೋಧಗಳಿಂದ ದೇಹದಲ್ಲಾಗುವ ಮಾರ್ಪಾಟುಗಳು. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸಕ್ಕರೆ ರಕ್ತಕ್ಕೆ ಹರಿಯುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಹೋರಾಡುವುದಕ್ಕೆ ಅಥವಾ ಓಡಿ ಪಾರಾಗುವುದಕ್ಕೆ ದೇಹ ಮಾಡಿಕೊಳ್ಳುವ ಸಿದ್ಧತೆ ಇದು. 1936ರಲ್ಲಿ ಕೆನಡಾದ ಹಾನ್ಸ್ ಸೆಲ್ಯೆ, ಬೇರೆ ಬೇರೆ ಬಗೆಯ ಹಾನಿಗಳಿಗೆ ದೇಹ ತೋರುವ ಪ್ರತಿಕ್ರಿಯೆ ಬಹುಮಟ್ಟಿಗೆ ಒಂದೇ ಎಂದು ತೋರಿಸಿದರು. ಇಂದು ಮನೆಮನೆಯ ಮಾತಾಗಿರುವ ‘ಸ್ಟ್ರೆಸ್’ ಎಂಬ ಪದ ಈ ಅರ್ಥದಲ್ಲಿ ಬಳಕೆಗೆ ಬಂದದ್ದು ಅವರ ಸಂಶೋಧನೆಗಳಿಂದ.

ಹುಲಿಯನ್ನು ಕಂಡು ಓಡಿದ ಜಿಂಕೆ ಪಾರಾದ ಮೇಲೆ ಮತ್ತೆ ಮೇಯುತ್ತದೆ. ಮನುಷ್ಯನಾದರೋ ಕಾಣದ ಹುಲಿಯನ್ನು ಮನಸ್ಸಿನಲ್ಲಿ ಕಟ್ಟಿಹಾಕಿಕೊಂಡು ತಿಂಗಳುಗಟ್ಟಲೆ ಬೆದರಬಲ್ಲ. ಆಗ ತುರ್ತಿಗೆಂದು ಇರುವ ವ್ಯವಸ್ಥೆ ಸದಾ ಎಚ್ಚರವಾಗಿ ಉಳಿಯುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಬಹುಕಾಲ ಮಿತಿಮೀರಿದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ನಿದ್ರೆ ಕೆಡುತ್ತದೆ, ಸಕ್ಕರೆ ಏರುತ್ತದೆ.

ನನ್ನನ್ನು ಬಹಳವಾಗಿ ತಟ್ಟಿದ ಅಧ್ಯಯನ 1995ರದು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ರೋಗದ ಬಂಧುಗಳನ್ನು ಆರೈಕೆ ಮಾಡುತ್ತಿದ್ದ 13 ಮಹಿಳೆಯರನ್ನೂ, ಅಂಥ ಹೊಣೆಯಿಲ್ಲದ, ವಯಸ್ಸು ಮತ್ತು ವರಮಾನದಲ್ಲಿ ಅವರಿಗೆ ಸರಿಸಮಾನರಾದ 13 ಮಹಿಳೆಯರನ್ನೂ ಆರಿಸಿಕೊಂಡರು. ಎಲ್ಲರ ತೋಳಿನ ಮೇಲೂ ಮೂರೂವರೆ ಮಿಲಿಮೀಟರಿನ ಒಂದೇ ಅಳತೆಯ ಪುಟ್ಟ ಗಾಯ ಮಾಡಿ, ಅದು ಮಾಯುವ ದಿನಗಳನ್ನು ಎಣಿಸಿದರು. ಹೊಣೆಯಿಲ್ಲದವರ ಗಾಯ ಸರಾಸರಿ 39 ದಿನಗಳಲ್ಲಿ ಮಾಯಿತು. ಆರೈಕೆ ಮಾಡುವವರ ಗಾಯ ಮಾಯಲು ಸುಮಾರು 49 ದಿನ ಬೇಕಾಯಿತು. ಗಾಯ ಒಂದೇ, ಅಳತೆ ಒಂದೇ; ಮನಸ್ಸಿನ ಭಾರ ಮಾತ್ರ ಬೇರೆ. ಇದನ್ನು ಓದಿದಾಗ ನನ್ನ ವಿದ್ಯಾರ್ಥಿಯ ಪ್ರಶ್ನೆ ನನಗೆ ಅರ್ಥವಾಯಿತು.

ನಮ್ಮ ನಾಡಿನ ಸಂಶೋಧನೆ

ಈ ವಿಷಯದಲ್ಲಿ ಕರ್ನಾಟಕ ಹಿಂದುಳಿದಿಲ್ಲ. ನಮ್ಮ ಮೈಸೂರಿನ ಹೆಸರೂ ಇದರ ಚರಿತ್ರೆಯಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು, 1935ರಲ್ಲಿ ಭಾರತಕ್ಕೆ ಬಂದ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರೋಸ್ ಪರೀಕ್ಷಿಸಿದ ಯೋಗಪಟುಗಳಲ್ಲಿ ಒಬ್ಬರು. ಯೋಗಿಯು ಇಚ್ಛಾಮಾತ್ರದಿಂದ ಹೃದಯವನ್ನೇ ನಿಲ್ಲಿಸಬಲ್ಲನೆಂಬ ಸುದ್ದಿ ಆಗ ಹಬ್ಬಿತು. ಆದರೆ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಬಿ. ಕೆ. ಆನಂದ್ ಅವರು ಇನ್ನಷ್ಟು ಕೂಲಂಕಷವಾಗಿ ಪರೀಕ್ಷಿಸಿ 1961ರಲ್ಲಿ ವರದಿ ಪ್ರಕಟಿಸಿದರು. ಉಸಿರು ಬಿಗಿಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ನಾಡಿ ಕೈಗೆ ಸಿಗದಷ್ಟು ಕ್ಷೀಣವಾಗುತ್ತದೆ, ಹೃದಯದ ಸದ್ದು ಕೇಳಿಸದಂತಾಗುತ್ತದೆ. ಹೃದಯ ಮಾತ್ರ ನಿಲ್ಲುವುದಿಲ್ಲ ಎಂಬುದು ಅವರ ನಿರ್ಣಯ. ಇದರಿಂದ ಯೋಗದ ಗೌರವವೇನೂ ಕುಗ್ಗಲಿಲ್ಲ. ಸತ್ಯವ್ರತ ನಮಗೆ ಹೇಗೆ ಅಣುವ್ರತವೋ ಹಾಗೆ ವಿಜ್ಞಾನಕ್ಕೂ ಅದು ವ್ರತ. ಇಷ್ಟವಾದ ವಿಷಯವೆಂದು ಇದ್ದುದಕ್ಕಿಂತ ಹೆಚ್ಚು ಹೇಳಿದರೆ ಅದೂ ಅಸತ್ಯವೇ.

1985ರಲ್ಲಿ ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್. ಆರ್. ನಾಗೇಂದ್ರ ಅವರು ಆಸ್ತಮಾ ರೋಗಿಗಳ ಬಗ್ಗೆ ನಡೆಸಿದ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 53 ರೋಗಿಗಳಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನಗಳ ತರಬೇತಿ ನೀಡಿ, ಅನಂತರ ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಲು ತಿಳಿಸಲಾಯಿತು. ಎಂದಿನ ಔಷಧ ಮಾತ್ರ ಪಡೆಯುತ್ತಿದ್ದ ಇತರ 53 ರೋಗಿಗಳೊಂದಿಗೆ ಹೋಲಿಸಿದಾಗ, ಅಭ್ಯಾಸ ಮಾಡಿದವರಲ್ಲಿ ಉಬ್ಬಸ ಬರುವ ಸಲಗಳು ಕಡಿಮೆಯಾಗಿದ್ದವು, ಔಷಧದ ಅಗತ್ಯ ತಗ್ಗಿತ್ತು, ಉಸಿರು ಹೊರಹಾಕುವ ವೇಗ ಸುಧಾರಿಸಿತ್ತು.

ನಿಮ್ಹಾನ್ಸ್‌ನ ಡಾ. ಜಾನಕಿರಾಮಯ್ಯ, ಡಾ. ಬಿ. ಎನ್. ಗಂಗಾಧರ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ರೋಗಿಗಳದು. 15 ಮಂದಿಗೆ ವಿದ್ಯುತ್ ಕಂಪನ ಚಿಕಿತ್ಸೆ, 15 ಮಂದಿಗೆ ಇಮಿಪ್ರಮಿನ್ ಎಂಬ ಔಷಧ, 15 ಮಂದಿಗೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರಗಳ ಕೊನೆಗೆ ರೋಗಲಕ್ಷಣಗಳಿಂದ ಬಹುಪಾಲು ಮುಕ್ತರಾದವರು ಮೊದಲ ಗುಂಪಿನಲ್ಲಿ ಶೇ 93, ಎರಡನೆಯದರಲ್ಲಿ ಶೇ 73, ಮೂರನೆಯದರಲ್ಲಿ ಶೇ 67. ಈ ಅಂಕಿಗಳನ್ನು ಪೂರ್ತಿಯಾಗಿ ಓದಬೇಕು. ಕೇವಲ ಉಸಿರಿನ ಅಭ್ಯಾಸ ಔಷಧದ ಸಮೀಪಕ್ಕೆ ಬಂದದ್ದು ಸಣ್ಣ ಮಾತಲ್ಲ. ಅದೇ ವೇಳೆ, ನಮ್ಮ ಜನ ಹೆಸರು ಕೇಳಿದರೇ ಹೆದರುವ ವಿದ್ಯುತ್ ಚಿಕಿತ್ಸೆಯೇ ಹೆಚ್ಚು ಜನರನ್ನು ಗುಣಪಡಿಸಿತು. ಮೊದಲಿನ ಮಾತನ್ನಷ್ಟೇ ಹೇಳಿ ಎರಡನೆಯದನ್ನು ಮುಚ್ಚಿಡುವ ಭಾಷಣಗಳನ್ನು ನಾನು ಕೇಳಿದ್ದೇನೆ.

ಇಪ್ಪತ್ತೇಳು ಉಸಿರು

ನಮ್ಮ ನಿತ್ಯವಿಧಿಯಲ್ಲಿ ಕಾಯೋತ್ಸರ್ಗವಿದೆ. ಕಾಯದ ಮೇಲಿನ ಮಮತೆಯನ್ನು ನಿಯತ ಕಾಲದವರೆಗೆ ಇಳಿಸಿಡುವುದೇ ಕಾಯೋತ್ಸರ್ಗ. ಬಾಹುಬಲಿಯ ನಿಲುವು ಅದೇ. ಬೆಳಗೊಳದಲ್ಲಾಗಲಿ, ನಮ್ಮ ಸಮೀಪದ ಗೊಮ್ಮಟಗಿರಿಯಲ್ಲಾಗಲಿ ಆ ಮೂರ್ತಿಯ ಮುಂದೆ ನಿಂತಾಗ ಮನಸ್ಸು ತಾನಾಗಿ ತಣಿಯುವುದನ್ನು ಯಾರು ಅನುಭವಿಸಿಲ್ಲ? ತೇರಾಪಂಥದ ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನವೂ ಕಾಯೋತ್ಸರ್ಗದಿಂದಲೇ ತೊಡಗುತ್ತದೆ.

ಗೃಹಸ್ಥರಿಗೆ ಆಚಾರ್ಯರು ಹೇಳಿಕೊಟ್ಟ ಕ್ರಮ ಸರಳವಾದುದು. ಇಪ್ಪತ್ತೇಳು ಉಸಿರುಗಳಲ್ಲಿ ಒಂಬತ್ತು ಬಾರಿ ಣಮೋಕಾರ ಮಂತ್ರ. ಅಂದರೆ ಒಂದು ಮಂತ್ರಕ್ಕೆ ಮೂರು ಉಸಿರು. ಮೊದಲ ಉಸಿರಿನಲ್ಲಿ ಅರಿಹಂತರಿಗೂ ಸಿದ್ಧರಿಗೂ ನಮನ, ಎರಡನೆಯದರಲ್ಲಿ ಆಚಾರ್ಯರಿಗೂ ಉಪಾಧ್ಯಾಯರಿಗೂ, ಮೂರನೆಯದರಲ್ಲಿ ಲೋಕದ ಸರ್ವಸಾಧುಗಳಿಗೆ. ಇಟಲಿಯ ಲೂಚಿಯಾನೋ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಆರೋಗ್ಯವಂತರನ್ನು ಪರೀಕ್ಷಿಸಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಬೌದ್ಧರ ಮಂತ್ರವಾಗಲಿ ಪಠಿಸುವಾಗ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ, ರಕ್ತದೊತ್ತಡವನ್ನು ಸಮತೋಲದಲ್ಲಿಡುವ ನರಗಳ ಪ್ರತಿಸ್ಪಂದನೆ ಚುರುಕಾಗುತ್ತದೆ ಎಂದು ಕಂಡರು. ಆ ಪರೀಕ್ಷೆ ಣಮೋಕಾರದ್ದಲ್ಲ. ಆದರೆ ನಾನು ಗಡಿಯಾರ ಇಟ್ಟುಕೊಂಡು ಅವಸರವಿಲ್ಲದೆ ಇಪ್ಪತ್ತೇಳು ಉಸಿರು ಎಣಿಸಿ ನೋಡಿದಾಗ ನಾಲ್ಕೂವರೆ ನಿಮಿಷ ಹಿಡಿಯಿತು. ಲೆಕ್ಕ ಹಾಕಿದರೆ ಅದೂ ನಿಮಿಷಕ್ಕೆ ಆರೇ.

ಪರಮೇಷ್ಠಿಗಳಿಗೆ ನಮಸ್ಕರಿಸುವುದು ಬಿಪಿ ಇಳಿಸಲು ಅಲ್ಲ ಎಂದು ಹಿರಿಯರು ಆಕ್ಷೇಪಿಸಬಹುದು, ಅದು ಸರಿಯೇ. ಗುರಿ ಕಷಾಯಗಳ ಉಪಶಮನ, ಆತ್ಮಶುದ್ಧಿ. ದೇಹಕ್ಕೆ ಆಗುವ ಹಿತ ಪೈರಿನ ಜೊತೆಗೆ ಬರುವ ಹುಲ್ಲಿನಂತೆ. ರೈತ ಹುಲ್ಲಿಗಾಗಿ ಬಿತ್ತುವುದಿಲ್ಲ. ಬಂದ ಹುಲ್ಲನ್ನು ಎಸೆಯುವುದೂ ಇಲ್ಲ.

ಔಷಧದಾನದ ಧರ್ಮ

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಾಯೋತ್ಸರ್ಗ ಆರಂಭಿಸಿ ಮೂರು ತಿಂಗಳಾಗುವಷ್ಟರಲ್ಲಿ ನನಗೆ ನಿದ್ರೆ ಸರಿಯಾಯಿತು, ಬಿಪಿ ಇಳಿಯಿತು. ದಶಲಕ್ಷಣ ಪರ್ವ ಬಂತು. ಧ್ಯಾನವಿರುವಾಗ ಮಾತ್ರೆ ಏಕೆಂದು ಯಾರಿಗೂ ಹೇಳದೆ ನಿಲ್ಲಿಸಿದೆ. ಹನ್ನೆರಡನೆಯ ದಿನ ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದೆ. ಅಂದು ಅತ್ತೆಯವರು ತಮ್ಮ ಒಂದೇ ಕೈಯಿಂದ ಮಂಚದ ಪಕ್ಕದ ತಟ್ಟೆಯನ್ನು ಬಡಿದು ಬಡಿದು ನೆರೆಯವರನ್ನು ಕರೆದಿದ್ದರು. ‘ಮೇಡಂ, ಬಿಪಿ ಇಳಿದದ್ದು ಧ್ಯಾನ ಮತ್ತು ಮಾತ್ರೆ ಎರಡೂ ಸೇರಿ. ಯಾವುದನ್ನು ಎಷ್ಟು ತಗ್ಗಿಸಬೇಕೆಂದು ನನ್ನನ್ನು ಕೇಳಿ’ ಎಂದು ವೈದ್ಯರು ಹೇಳಿದಾಗ ನಾನು ವಿದ್ಯಾರ್ಥಿನಿಯಂತೆ ತಲೆತಗ್ಗಿಸಿದೆ.

ಜೈನಧರ್ಮ ಔಷಧವನ್ನು ಎಂದೂ ಅಲ್ಲಗಳೆದಿಲ್ಲ. ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ಸೇರಿಸಿ ದಾನವನ್ನು ನಾಲ್ಕು ಬಗೆಯೆಂದು ಹೇಳಿದ ಧರ್ಮ ನಮ್ಮದು. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ ಸಂಸ್ಕೃತದ ವೈದ್ಯಗ್ರಂಥ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆ ಅದರ ವೈಶಿಷ್ಟ್ಯ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯವನ್ನು ಕುರಿತದ್ದು. ಇವರೆಲ್ಲ ಜೈನರು.

ಪೂಜ್ಯಪಾದರ ಹೆಸರು ಬಂದಾಗ ಮೈಸೂರಿನವರಿಗೆ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿ ನೆನಪಾಗುತ್ತದೆ. ಅವರು ತಪಸ್ಸು ಮಾಡಿದ ಬೆಟ್ಟ ಅದೆಂದು ಪರಂಪರೆ ಹೇಳುತ್ತದೆ. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ, ‘ಸಮಾಧಿತಂತ್ರ’ವನ್ನು ರಚಿಸಿದ ಆಚಾರ್ಯರು ಅವರು. ಕಾಯ, ವಾಕ್ಕು, ಚಿತ್ತ ಈ ಮೂರರ ಕಳಂಕವನ್ನೂ ಅವರ ವಚನಗಳು ನೀಗುತ್ತವೆಂದು ಶುಭಚಂದ್ರಾಚಾರ್ಯರು ‘ಜ್ಞಾನಾರ್ಣವ’ದಲ್ಲಿ ಸ್ಮರಿಸಿದ್ದಾರೆ. ಕಾಯಕ್ಕೆ ವೈದ್ಯ, ವಾಕ್ಕಿಗೆ ವ್ಯಾಕರಣ, ಚಿತ್ತಕ್ಕೆ ಸಮಾಧಿ ಎಂದು ಹಿರಿಯರು ಅದನ್ನು ಅರ್ಥೈಸುತ್ತಾರೆ. ಒಬ್ಬರೇ ಆಚಾರ್ಯರಲ್ಲಿ ಇವು ಒಟ್ಟಿಗಿದ್ದುವು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂಬ ಜಗಳ ಅಲ್ಲಿಲ್ಲ.

ವಡ್ಡಾರಾಧನೆಯಲ್ಲಿ ಬರುವ ಸನತ್ಕುಮಾರ ಚಕ್ರವರ್ತಿಯ ಕಥೆ ಬಲ್ಲವರು ಕೇಳಬಹುದು: ಮುನಿಯಾಗಿ ರೋಗಪೀಡಿತನಾದ ಅವನು, ವೈದ್ಯವೇಷದಲ್ಲಿ ಬಂದ ದೇವನ ಚಿಕಿತ್ಸೆಯನ್ನು ಒಲ್ಲದೆ, ಭವರೋಗಕ್ಕೆ ಮದ್ದಿದ್ದರೆ ಕೊಡು ಎನ್ನಲಿಲ್ಲವೇ? ಹೌದು. ಆದರೆ ಆ ಮಾತನ್ನು ಅವನು ಹೇಳಿದ್ದು ತನ್ನ ದೇಹದ ಬಗ್ಗೆ. ಬೇರೆ ರೋಗಿಯ ಮಂಚದ ಬಳಿ ಕುಳಿತು ಹೇಳಿದ್ದಲ್ಲ. ಕರ್ಮಸಿದ್ಧಾಂತ ನಮ್ಮನ್ನು ನಾವು ನೋಡಿಕೊಳ್ಳಲು ಇರುವ ಕನ್ನಡಿ. ಅದನ್ನು ಇನ್ನೊಬ್ಬರ ಮುಖಕ್ಕೆ ಹಿಡಿದರೆ ಹಿಂಸೆಯಾಗುತ್ತದೆ. ‘ಎಲ್ಲವೂ ಮನಸ್ಸಿನಲ್ಲಿದೆ, ಧೈರ್ಯ ತಂದುಕೊಂಡರೆ ಗುಣವಾಗುತ್ತದೆ’ ಎನ್ನುವ ಇಂದಿನ ಮಾತೂ ಅದೇ ಜಾತಿಯದು. ಗುಣವಾಗದ ರೋಗಿ ತನ್ನ ಮನಸ್ಸೇ ದುರ್ಬಲವೆಂದು ಇನ್ನೊಂದು ಹೊರೆ ಹೊರಬೇಕಾಗುತ್ತದೆ.

ತತ್ತ್ವಾರ್ಥಸೂತ್ರದ ಆ ಒಂಬತ್ತನೆಯ ಅಧ್ಯಾಯದಲ್ಲೇ ಆರು ಅಂತರಂಗ ತಪಗಳ ಪಟ್ಟಿಯಿದೆ: ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ. ವೈಯಾವೃತ್ಯವೆಂದರೆ ರೋಗಿಗಳಾದ, ಬಳಲಿದ ಸಾಧುಗಳ ಸೇವೆ. ಗೃಹಸ್ಥರಾದ ನಾವು ಮನೆಯ ಹಿರಿಯರಲ್ಲಿ ಅದನ್ನು ಕಲಿಯಬಹುದು. ಸ್ವಾಧ್ಯಾಯ ತಪ್ಪಿತು, ಧ್ಯಾನಕ್ಕೆ ಸಮಯವಿಲ್ಲ ಎಂದು ಎರಡು ವರ್ಷ ಕೊರಗಿದ್ದ ನನಗೆ, ಮಗ್ಗುಲು ಬದಲಾಯಿಸುವ ಕೆಲಸವೂ ಅದೇ ಪಟ್ಟಿಯಲ್ಲಿದೆಯೆಂದು ಕಂಡ ದಿನ ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು. ಸೇವೆ ಮಾಡುವವರೂ ದಿನಕ್ಕೆ ಒಂದು ಗಂಟೆಯಾದರೂ ಬೇರೆಯವರಿಗೆ ಹೊಣೆ ಒಪ್ಪಿಸಿ ಹೊರಗೆ ನಡೆದು ಬರಬೇಕು, ವರ್ಷಕ್ಕೊಮ್ಮೆಯಾದರೂ ತಮ್ಮ ದೇಹವನ್ನು ವೈದ್ಯರಿಗೆ ತೋರಿಸಬೇಕು. ಈಗ ಸಂಜೆಯ ಆ ಒಂದು ಗಂಟೆ ನಮ್ಮ ಯಜಮಾನರದು.

ಅತ್ತೆಯವರ ಪ್ರಶ್ನೆಗೆ ನಾನು ಉತ್ತರ ಹೇಳಿದ್ದು ಬಹಳ ತಡವಾಗಿ. ಒಂದು ರಾತ್ರಿ ಮತ್ತೆ ಅದನ್ನೇ ಕೇಳಿದರು. ‘ಹಿಂದಿನದು ಕೇವಲಜ್ಞಾನಿಗಳಿಗೆ ಗೊತ್ತು ಅತ್ತೆ. ನನಗೆ ಗೊತ್ತಿರುವುದು ಇಷ್ಟೇ, ಈ ಮನೆಗೆ ಬಂದ ಮೇಲೆ ನೀವು ನನಗೆ ಕೆಟ್ಟದ್ದನ್ನು ಮಾಡಲಿಲ್ಲ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಒಂಬತ್ತು ಸಲ ಣಮೋಕಾರ ಹೇಳೋಣ’ ಎಂದರು.

ಅಂದಿನಿಂದ ಅದು ನಡೆದುಬಂದಿದೆ. ಎಡಗೈಗೆ ಶಕ್ತಿ ಮರಳಲಿಲ್ಲ. ಮರಳುವುದೆಂದು ವೈದ್ಯರೂ ಹೇಳಿಲ್ಲ. ಮಳೆಗಾಲದಲ್ಲಿ ಭುಜದ ನೋವು ಈಗಲೂ ಏಳುತ್ತದೆ. ಅದಕ್ಕೆ ಮಾತ್ರೆ ಕೊಡುತ್ತೇನೆ. ಮಾತ್ರೆ ನುಂಗಿದ ಮೇಲೆ ಅವರು ಬಲಗೈಯ ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತ, ನಾನು ಪಕ್ಕದಲ್ಲಿ ಕುಳಿತು, ಇಪ್ಪತ್ತೇಳು ಉಸಿರು ಮುಗಿಸುತ್ತೇವೆ. ಒಂಬತ್ತನೆಯ ಮಂತ್ರಕ್ಕೆ ಬರುವ ಮೊದಲೇ ಅವರು ನಿದ್ರಿಸುವ ರಾತ್ರಿಗಳೂ ಉಂಟು. ಆಗ ಉಳಿದದ್ದನ್ನು ನಾನೊಬ್ಬಳೇ ಮುಗಿಸುತ್ತೇನೆ.